ತೂಕ ಇಳಿಸೋಕೆ ಹೋದ್ವಿ, ಇವ್ರು ಮೊದ್ಲು ವಿಟಮಿನ್ ಬಿ12, ಡಿ ನೋಡಿದ್ರು

ಅಮ್ಮನ್ನ ಈ ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿದ್ದು ತೂಕ ಇಳಿಸೋಕೆ ಅಂತ. 76 ಕೆಜಿ, ಎತ್ತರ ಐದಡಿ ಒಂದಿಂಚು, ಮಂಡಿನೋವು, ಶುಗರ್‌ಗೆ ವರ್ಷಗಟ್ಟಲೆಯಿಂದ ಮೆಟ್‌ಫಾರ್ಮಿನ್, ನಾಲ್ಕು ಮೆಟ್ಲು ಹತ್ತಿದ್ರೆ ಸುಸ್ತು. ಇದಕ್ಕೆ ಮುಂಚೆ ಹೋಗಿದ್ದ ಕಡೆ ರಕ್ತ ಗಿಕ್ತ ಏನೂ ನೋಡ್ದೆ ಮಷೀನ್ ಮೇಲೆ ನಿಲ್ಸಿ, ಶೇಕ್ ಪೌಡರ್ ಡಬ್ಬಿ ಕೈಗಿಟ್ಟು ರಾತ್ರಿ ಊಟ ಬಿಡಿ ಅಂದಿದ್ರು, ಊಟ ಬಿಟ್ಟು ಬಿಟ್ಟು ಅಮ್ಮ ಇನ್ನೂ ಸೋತು ಹೋದ್ರು ಅಷ್ಟೇ.

ಇಲ್ಲಿ ಡಾಕ್ಟರ್ ಮೇಡಂ ಮೊದ್ಲು ಕೇಳಿದ್ದೇ ಪಾದ ಜೋಮು ಹಿಡಿಯುತ್ತಾ ಅಂತ. ಆಮೇಲೆ ಕವೆ ಥರ ಇರೋ ಒಂದು ಸ್ಟೀಲ್ ಫೋರ್ಕ್‌ನ ಅಂಗೈಗೆ ಬಡಿದು, ಅದು ಗುಂಯ್ ಅಂತಿರುವಾಗ್ಲೇ ಅಮ್ಮನ ಕಾಲಿನ ಹೆಬ್ಬೆರಳ ಗೆಣ್ಣಿನ ಮೇಲಿಟ್ಟು "ಕಣ್ಣು ಮುಚ್ಕೊಳಿ ಅಮ್ಮಾ, ಅದುರೋದು ನಿಂತ ತಕ್ಷಣ ಹೇಳಿ" ಅಂದ್ರು. ಅಮ್ಮ ನಿಂತೋಯ್ತು ಅಂದಾಗ ಅದನ್ನೇ ನನ್ನ ಬೆರಳಿಗೆ ಇಟ್ರು, ಇನ್ನೂ ಚೆನ್ನಾಗಿ ಅದುರ್ತಾ ಇತ್ತು! ಅಂದ್ರೆ ಅಮ್ಮನ ಪಾದದ ನರಕ್ಕೆ ಅದುರೋದು ಸರಿಯಾಗಿ ಗೊತ್ತಾಗ್ತಿರ್ಲಿಲ್ಲ, ಬಿ12 ಕಮ್ಮಿಯಾದ್ರೂ ಹೀಗಾಗುತ್ತಂತೆ.

ರಿಪೋರ್ಟ್ ಬಂತು, ಬಿ12 148, ವಿಟಮಿನ್ ಡಿ 11. ಬಿ12 200ಕ್ಕಿಂತ ಕೆಳಗೆ, ಡಿ 20ಕ್ಕಿಂತ ಕೆಳಗೆ ಬಂದ್ರೆ ಕೊರತೆ ಅಂತಾನೇ ಲೆಕ್ಕ. ದಪ್ಪ ಇರೋರಿಗೆ ಎಂಥ ಕೊರತೆ, ಚೆನ್ನಾಗಿ ತಿಂತಾರಲ್ಲ ಅಂತ ನಮ್ ಜನ ಅಂತಾರಲ್ವಾ, ಮೇಡಂ ಕೂತು ಬಿಡಿಸಿ ಹೇಳಿದ್ರು: ಮೆಟ್‌ಫಾರ್ಮಿನ್ ತುಂಬಾ ವರ್ಷ ತಗೊಂಡ್ರೆ ಬಿ12 ಮೈಗೆ ಹತ್ತೋದು ಕಮ್ಮಿಯಾಗುತ್ತೆ, ಮೇಲಾಗಿ ನಮ್ದು ಸಸ್ಯಾಹಾರ, ಹಾಲು ಮೊಸರಲ್ಲಿ ಬರೋದಷ್ಟೇ. ಡಿ ಕೊಬ್ಬಲ್ಲಿ ಕರಗೋ ವಿಟಮಿನ್, ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದಷ್ಟೂ ಅದು ಅಲ್ಲೇ ಹಂಚಿಹೋಗಿ ರಕ್ತದಲ್ಲಿ ಕಮ್ಮಿ ಕಾಣುತ್ತೆ, ಅದಕ್ಕೇ ಇಂಥವ್ರಿಗೆ ಡೋಸೂ ಜಾಸ್ತಿ ಬೇಕಾಗುತ್ತಂತೆ. ಬಿ12ಗೆ ಮೊದ್ಲು ಇಂಜೆಕ್ಷನ್, ಆಮೇಲೆ ಮಾತ್ರೆ. ಡಿಗೆ 60,000 ಯೂನಿಟ್‌ದು ವಾರಕ್ಕೊಂದೇ, 8 ವಾರ, ಮಧ್ಯಾಹ್ನ ಊಟ ಆದ್ಮೇಲೆ. "ವಾರಕ್ಕೊಂದು" ಅನ್ನೋದನ್ನ ಚೀಟಿ ಮೇಲೆ ಕನ್ನಡದಲ್ಲಿ ಬರೆದು ಸುತ್ತು ಹಾಕಿ ಕೊಟ್ರು, ಯಾಕಂದ್ರೆ ಕೆಲವ್ರು ಅದನ್ನ ದಿನಾ ನುಂಗಿ ಕ್ಯಾಲ್ಸಿಯಂ ಏರಿಸ್ಕೊಂಡು ಆಸ್ಪತ್ರೆ ಸೇರ್ತಾರಂತೆ. ಇದು ನಂಗೆ ತುಂಬಾ ಇಷ್ಟ ಆಯ್ತು.

ವಾರಕ್ಕೊಂದ್ಸಲ ತಗೊಳ್ಳೋ ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ನಾನೇ ಕೇಳ್ದೆ, 2025ರಲ್ಲಿ ಮೌಂಜಾರೋ, ವೆಗೋವಿ ಎರಡೂ ನಮ್ ದೇಶಕ್ಕೆ ಬಂದ್ಮೇಲೆ ಎಲ್ರ ಬಾಯಲ್ಲೂ ಅದೇ ಅಲ್ವಾ. ಬೇಡ ಅನ್ಲಿಲ್ಲ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 31ರ ಮೇಲಿದೆ, ನಮ್ಮವ್ರಿಗೆ 25 ದಾಟಿದ್ರೇ ಬೊಜ್ಜು, ಮುಂದೆ ಬೇಕಾಗಬಹುದು ಅಂದ್ರು. ಆದ್ರೆ ಅದು ಹಸಿವನ್ನೇ ತಗ್ಗಿಸೋ ಔಷಧಿ, ಈಗ್ಲೇ ಇಷ್ಟು ಕೊರತೆ ಇರೋರು ಇನ್ನೂ ಕಮ್ಮಿ ತಿಂದ್ರೆ ಕೊಬ್ಬಿನ ಜೊತೆ ಮಾಂಸಖಂಡನೂ ಕರಗುತ್ತೆ, ಮೊದ್ಲು ಇದನ್ನ ತುಂಬ್ಸೋಣ, ಊಟದಲ್ಲಿ ಪ್ರೋಟೀನ್ ಸರಿ ಮಾಡೋಣ ಅಂದ್ರು. ಮುದ್ದೆ ಬಿಡಿಸ್ಲಿಲ್ಲ, ಚಿಕ್ಕದು ಮಾಡಿ ಜೊತೆಗೆ ಹೆಸರುಕಾಳು ಹುಳಿ, ಮೊಳಕೆಕಾಳು ಉಸ್ಲಿ, ಮೊಸರು ಜಾಸ್ತಿ ಮಾಡಿದ್ರು. ಈಗ 71 ಕೆಜಿ, ಜೋಮು ಪೂರ್ತಿ ಹೋಗಿಲ್ಲ ಆದ್ರೆ ಬಹಳ ಕಮ್ಮಿ, ಬೆಳಿಗ್ಗೆ ಅಮ್ಮ ತಾವೇ ವಾಕಿಂಗ್ ಹೊರಡ್ತಾರೆ.

ಬೇಜಾರಾಗಿದ್ದು ಅಂದ್ರೆ ಕಾಯೋದು, ಶನಿವಾರ ಅಂತೂ ಕೂರೋಕೂ ಜಾಗ ಇರಲ್ಲ. ಡಯಟ್ ಶೀಟ್ ಬರೀ ಇಂಗ್ಲಿಷಲ್ಲಿದೆ, ವಯಸ್ಸಾದವ್ರಿಗೆ ಓದೋಕಾಗಲ್ಲ, ದಯವಿಟ್ಟು ಕನ್ನಡದಲ್ಲೂ ಪ್ರಿಂಟ್ ಮಾಡ್ಸಿ. ರಕ್ತ ಪರೀಕ್ಷೆ ಖರ್ಚೂ ಕಮ್ಮಿ ಏನಲ್ಲ, ಆದ್ರೆ ಹೊರಗಡೆ ಲ್ಯಾಬ್‌ದು ತಂದ್ರೂ ಒಪ್ತಾರೆ. ಹೋಗೋರು ತಗೊಳ್ತಿರೋ ಮಾತ್ರೆ ಸ್ಟ್ರಿಪ್ ಎಲ್ಲಾ ತಗೊಂಡು ಹೋಗಿ, ಗ್ಯಾಸ್ಟ್ರಿಕ್ ಮಾತ್ರೆನೂ ಬಿಡಬೇಡಿ, ಅದನ್ನ ವರ್ಷಗಟ್ಲೆ ನುಂಗಿದ್ರೂ ಬಿ12 ಇಳಿಯುತ್ತೆ ಅಂತ ಮೇಡಂ ಅದನ್ನೂ ಕೇಳ್ತಾರೆ.