ಹಳೆ ರೇವಾ ಓಡಿಸುವವರೇ, ಬ್ಯಾಟರಿಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಗಾಡಿ ಏರಿನಲ್ಲಿ ಸೊರಗಿದರೆ "ಬ್ಯಾಟರಿ ಸೆಟ್ಟೇ ಹೋಗಿದೆ" ಅಂತ ಗ್ಯಾರೇಜಿನವರು ಹೇಳಬಹುದು. ವೋಲ್ಟ್ ಅಳೆಯುವ ಮೀಟರ್ ಹಿಡಿದು ತೋರಿಸುವವರೆಗೂ ಒಪ್ಪಬೇಡಿ. ನಮ್ಮ ಚಿಕ್ಕಪ್ಪ ಒಪ್ಪಿ ತುಂಬಾ ದುಡ್ಡು ಕಳೆದುಕೊಂಡರು. ಅದಕ್ಕಿಂತ ಭಯದ ವಿಷಯ ಅಂದ್ರೆ, ಗಾಡಿಗೆ ಬೆಂಕಿ ಹತ್ತುವುದು ಸ್ವಲ್ಪದರಲ್ಲಿ ತಪ್ಪಿತು.

ರೇವಾ ನಮ್ಮ ಬೆಂಗಳೂರಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಎಲೆಕ್ಟ್ರಿಕ್ ಕಾರು. ಮುಂದಿನ ಸೀಟಿನ ಕೆಳಗೆ 6 ವೋಲ್ಟಿನ 8 ಲೆಡ್ ಆಸಿಡ್ ಬ್ಯಾಟರಿಗಳು ಒಂದರ ಹಿಂದೆ ಒಂದು ಸೇರಿ 48 ವೋಲ್ಟ್ ಆಗುತ್ತದೆ. ಒಂದೇ ಸಾಲು ಅಲ್ವಾ, ಎಲ್ಲೋ ಒಂದು ಜಾಯಿಂಟ್ ಕೆಟ್ಟರೂ ಇಡೀ ಗಾಡಿಗೆ ಶಕ್ತಿ ಇರಲ್ಲ.

ಚಿಕ್ಕಪ್ಪನ ಗಾಡಿ ಸಿರ್ಸಿ ಸರ್ಕಲ್ ಫ್ಲೈಓವರ್ ಹತ್ತುವಾಗ ನಿಧಾನವಾಗುತ್ತಿತ್ತು. ಗ್ಯಾರೇಜಿನವನು ಸೀಟು ಎತ್ತಿ ನೋಡಿ, "ಎಂಟೂ ಹೋಗಿವೆ ಸಾರ್" ಅಂದ. ಹೊಸ ಸೆಟ್ ಹಾಕಿ, ಹಳೆಯದನ್ನು ಗುಜರಿ ರೇಟಿಗೆ ಇಟ್ಟುಕೊಂಡ. ಆಮೇಲೂ ಅದೇ ಫ್ಲೈಓವರ್, ಅದೇ ಸುಸ್ತು. ಸ್ವಲ್ಪ ದಿನಕ್ಕೆ ಮೇನ್ ಫ್ಯೂಸ್ ಹೋಯಿತು. ಮತ್ತೆ ಅಲ್ಲೇ ಕೊಟ್ಟರು. "ಸರಿಯಾಗಿದೆ ಸಾರ್" ಅಂತ ವಾಪಸ್ ಬಂತು.

ಸುಟ್ಟ ವಾಸನೆ ಬರುತ್ತಿದೆ ಅಂತ ಚಿಕ್ಕಪ್ಪ ಫೋನ್ ಮಾಡಿದಾಗ ಹೋಗಿ ತೆಗೆದು ನೋಡಿದೆ. ಫ್ಯೂಸ್ ಇರಬೇಕಾದ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದರು! ಪಕ್ಕದ ಕೇಬಲ್ಲಿನ ಪ್ಲಾಸ್ಟಿಕ್ ಕಂದುಗಟ್ಟಿತ್ತು. ಮನುಷ್ಯರು ಕೂರುವ ಸೀಟಿನ ಕೆಳಗೆ ಇಂಥ ಕೆಲಸ ಮಾಡಲು ಮನಸ್ಸಾದರೂ ಹೇಗೆ ಬರುತ್ತದೆ?

ಅಸಲು ತೊಂದರೆ ಫ್ಯೂಸಿನ ಪಕ್ಕದ ಲಗ್ಗಿನಲ್ಲಿತ್ತು, ಅಂದ್ರೆ ಕೇಬಲ್ ತುದಿಯ ಲೋಹದ ಬಳೆಯಲ್ಲಿ. ಆಸಿಡ್ ಹಿಡಿದು ಹಸಿರುಗಟ್ಟಿತ್ತು. ಗಾಡಿ ಏರುವಾಗ 150 ಆಂಪಿಯರ್ ಹರಿಯುತ್ತಿದ್ದರೆ, ಆ ಒಂದು ಜಾಯಿಂಟಿನಲ್ಲಿ 0.4 ವೋಲ್ಟ್ ಬಿದ್ದರೂ, ಅಂದ್ರೆ ಅಷ್ಟು ವೋಲ್ಟ್ ಕಳೆದುಹೋದರೂ, ಅಲ್ಲೇ 60 ವ್ಯಾಟ್ ಶಾಖ. ಸೀಟಿನ ಕೆಳಗೆ ಸೋಲ್ಡರಿಂಗ್ ಐರನ್ ಉರಿಸಿಟ್ಟ ಹಾಗೆ. ಆ ಬಿಸಿಗೇ ಫ್ಯೂಸ್ ಹೋಗಿದ್ದು.

ನಿಂತ ಗಾಡಿಯಲ್ಲಿ ಅಳೆದರೆ ಇದು ಗೊತ್ತೇ ಆಗಲ್ಲ. ಕರೆಂಟ್ ಎಳೆಯದೇ ಇದ್ದಾಗ ಸುಸ್ತಾದ ಬ್ಯಾಟರಿಯೂ 6.3 ವೋಲ್ಟ್ ತೋರಿಸಬಹುದು. ಮೀಟರಿನ ಉದ್ದ ವೈರುಗಳನ್ನು ಭದ್ರವಾಗಿ ಕಟ್ಟಿ, ಒಬ್ಬರು ಏರಿನಲ್ಲಿ ಓಡಿಸುವಾಗ ಇನ್ನೊಬ್ಬರು ಓದಬೇಕು. ಮೊದಲು ಒಂದೊಂದೇ ಬ್ಯಾಟರಿ, ಆಮೇಲೆ ಲಗ್ಗಿನಿಂದ ಬ್ಯಾಟರಿ ಕಂಬಕ್ಕೆ (ಟರ್ಮಿನಲ್ಲಿಗೆ). ಉಳಿದವೆಲ್ಲ ಚೆನ್ನಾಗಿದ್ದು ಒಂದು ಮಾತ್ರ ಕುಸಿದರೆ ಅದೇ ಕೆಟ್ಟದ್ದು. ಜಾಯಿಂಟಿನಲ್ಲಿ 0.1 ವೋಲ್ಟಿಗಿಂತ ಜಾಸ್ತಿ ಬಿದ್ದರೆ ಬಿಚ್ಚಿ ತೊಳೆದು ಬಿಗಿ ಮಾಡಿ. ಕೈ ಹಾಕುವ ಮುಂಚೆ ಉಂಗುರ, ವಾಚು ತೆಗೆದಿಡಿ. ಸ್ಪ್ಯಾನರಿಗೆ ಟೇಪ್ ಸುತ್ತಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಆಗ ಮುಟ್ಟಲೇಬೇಡಿ.

ಫ್ಯೂಸ್ ವಿಷಯದಲ್ಲಿ ಇನ್ನೊಂದು ಮಾತು. ಮನೆಯ ಕರೆಂಟಿಗೆ (ಎಸಿಗೆ) ಹಾಕುವ ಫ್ಯೂಸ್ ಇಲ್ಲಿ ಹಾಕಬೇಡಿ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಆಗ ಫ್ಯೂಸ್ ಕಡಿಯುವಾಗ ಹತ್ತಿದ ಕಿಡಿ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟಿನಲ್ಲಿ ಆ ಸೊನ್ನೆ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಚಾರ್ಜ್ ಮಾಡುವಾಗ 48ರ ಪ್ಯಾಕ್ 55 ವೋಲ್ಟ್ ದಾಟುತ್ತದೆ. ಅದಕ್ಕಿಂತ ಹೆಚ್ಚಿನ ಡಿಸಿ ವೋಲ್ಟೇಜ್ ಫ್ಯೂಸಿನ ಮೇಲೆ ಬರೆದಿರಬೇಕು, ಆಂಪಿಯರ್ ಮೊದಲಿದ್ದಷ್ಟೇ ಇರಬೇಕು.

ಬ್ಯಾಟರಿ ಬದಲಿಸಲೇಬೇಕಾದರೂ, ಹೊಸದು ಹಾಕಿ ಏರು ಹತ್ತಿಸಿ ನೋಡುವವರೆಗೂ ಹಳೆ ಸೆಟ್ ಗುಜರಿಗೆ ಬಿಡಬೇಡಿ. ರಿಪೇರಿಯಿಂದ ವಾಪಸ್ ಬಂದ ಗಾಡಿಯ ಫ್ಯೂಸನ್ನು ಕಣ್ಣಾರೆ ನೋಡಿ. ತಂತಿ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ, ಮನೆವರೆಗೂ ಓಡಿಸಬೇಡಿ.