ಧಾರಣೆ ಪುಟ ತೆರೆಯಲು ಯಾವ ಆ್ಯಡ್ ಬ್ಲಾಕರ್? ಯುಬ್ಲಾಕ್, ಬ್ರೇವ್, ಪ್ರೈವೇಟ್ ಡಿಎನ್‌ಎಸ್

ಆಂಡ್ರಾಯ್ಡ್ ಫೋನಾದರೆ ಫೈರ್‌ಫಾಕ್ಸ್ ಬ್ರೌಸರ್ ಹಾಕಿಕೊಂಡು ಅದರೊಳಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ ಸೇರಿಸಿ. ಮೂರನ್ನೂ ಬಳಸಿ ನೋಡಿದ ಮೇಲಿನ ತೀರ್ಮಾನ ಇದು. ಉಳಿದೆರಡು ಯಾರಿಗೆ ಸಾಕು, ಎಲ್ಲಿ ಕೈಕೊಡುತ್ತವೆ ಅನ್ನುವುದಷ್ಟೇ ಮುಂದಿನ ಮಾತು.

ಬೆಂಗಳೂರಿನಲ್ಲಿ ಜಾಹೀರಾತು ಅಂದರೆ ಬರೀ ಕಿರಿಕಿರಿ. ಸಿದ್ದಾಪುರ, ಯಲ್ಲಾಪುರದ ಒಳಗಿನ ಊರುಗಳಲ್ಲಿ ಹಾಗಲ್ಲ. ಇರುವುದೇ ಒಂದು ಕಡ್ಡಿ ಸಿಗ್ನಲ್ಲು, ಮಳೆಗಾಲದಲ್ಲಿ ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ. ಅಡಿಕೆಯ ಮಾರುಕಟ್ಟೆ ದರ ಹಾಕುವ ಧಾರಣೆ ಪುಟದಲ್ಲಿ ನಮಗೆ ಬೇಕಾದ್ದು ಹತ್ತು ಸಾಲು: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು. ಅಷ್ಟು ಅಕ್ಷರಕ್ಕೆ ಕೆಲವೇ ಕೆಬಿ ಸಾಕು. ಆದರೆ ಅದರ ಸುತ್ತಲಿನ ಸ್ಕ್ರಿಪ್ಟು (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ), ತಾನಾಗಿ ಓಡುವ ವಿಡಿಯೊ ಎಲ್ಲ ಇಳಿಯಬೇಕು. ಕೋಷ್ಟಕವೇನೋ ಮೊದಲೇ ಬರುತ್ತದೆ. ಚಾಲಿಯ ಸಾಲಿನ ಮೇಲೆ ಬೆರಳಿಡುವ ಹೊತ್ತಿಗೆ ಮೇಲಿದ್ದ ಖಾಲಿ ಜಾಗಕ್ಕೆ ಜಾಹೀರಾತು ಬಂದು ಕೂತು, ಇಡೀ ಕೋಷ್ಟಕ ಅರ್ಧ ಪರದೆ ಕೆಳಗೆ ಜಾರುತ್ತದೆ. ಒತ್ತಿದ್ದು ಯಾವುದೋ ಸಾಲದ ಆ್ಯಪಿನ ಮೇಲೆ. ಮತ್ತೆ ಹಿಂದೆ ಬಂದರೆ ಎಲ್ಲವೂ ಮೊದಲಿನಿಂದ ಲೋಡು.

ಸುಲಭದ್ದು ಪ್ರೈವೇಟ್ ಡಿಎನ್‌ಎಸ್. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೇಳಿದರೆ ಅದರ ಸರ್ವರಿನ ವಿಳಾಸ ಹೇಳುವ ವ್ಯವಸ್ಥೆ. ಏನೂ ಇನ್‌ಸ್ಟಾಲ್ ಮಾಡುವುದಿಲ್ಲ. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರೈವೇಟ್ ಡಿಎನ್‌ಎಸ್ ಅಂತ ಹೋಗಿ, ಹೋಸ್ಟ್‌ನೇಮ್ ಕೇಳಿದಲ್ಲಿ ಆ್ಯಡ್‌ಗಾರ್ಡ್‌ನಂಥವರು ಪುಕ್ಕಟೆ ಕೊಡುವ ವಿಳಾಸ ತುಂಬಿದರೆ ಮುಗಿಯಿತು. ಬ್ರೌಸರ್ ಮಾತ್ರವಲ್ಲ, ಆ್ಯಪುಗಳೊಳಗಿನ ಎಷ್ಟೋ ಜಾಹೀರಾತೂ ನಿಲ್ಲುತ್ತದೆ. ಕಂಡದ್ದನ್ನೆಲ್ಲ ಒತ್ತುವ ಹಿರಿಯರ ಫೋನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಯೂಟ್ಯೂಬಿನದು ನಿಲ್ಲುವುದಿಲ್ಲ, ಅಲ್ಲಿ ವಿಡಿಯೊ, ಜಾಹೀರಾತು ಎರಡೂ ಒಂದೇ ಮನೆಯಿಂದ ಬರುತ್ತವೆ.

ತಕರಾರು ಶುರುವಾಗುವುದು ಒಂದು ಸೈಟಿಗೆ ಮಾತ್ರ ವಿನಾಯಿತಿ ಕೊಡಬೇಕಾದಾಗ. ‘ಆ್ಯಡ್ ಬ್ಲಾಕರ್ ತೆಗೆದು ಬನ್ನಿ’ ಎಂದು ಪುಟದ ತುಂಬ ಪರದೆ ಎಳೆಯುವ ಸೈಟುಗಳನ್ನು ನೋಡಿರುತ್ತೀರಿ. ಒಳಗೆ ನಡೆಯುವುದು ಇಷ್ಟು: ಪುಟ ಗೂಗಲ್‌ನ ಜಾಹೀರಾತು ಸ್ಕ್ರಿಪ್ಟನ್ನು ಕೇಳುತ್ತದೆ. ಅದರ ಸರ್ವರ್ ಎಲ್ಲಿದೆ ಅಂದರೆ ಡಿಎನ್‌ಎಸ್ ಸುಳ್ಳು ವಿಳಾಸ ಕೊಡುತ್ತದೆ, ಸ್ಕ್ರಿಪ್ಟು ಬರುವುದಿಲ್ಲ. ಬಂದಿಲ್ಲ ಎಂಬುದನ್ನೇ ಕಾಯುತ್ತಿದ್ದ ಇನ್ನೊಂದು ಸ್ಕ್ರಿಪ್ಟು ಪರದೆ ಎಳೆಯುತ್ತದೆ.

ಈಗ ಈ ಒಂದು ಸೈಟಿಗೆ ಬಿಟ್ಟುಕೊಡೋಣ ಅಂದರೆ ದಾರಿಯೇ ಇಲ್ಲ. ಯಾವ ಪುಟ ಕೇಳಿತು ಎಂಬುದು ಡಿಎನ್‌ಎಸ್‌ಗೆ ಗೊತ್ತಾಗುವುದಿಲ್ಲ, ಕೇಳಿದ ಹೆಸರಷ್ಟೇ ಅದಕ್ಕೆ ಕಾಣುವುದು. ಹಾಗಾಗಿ ಸೆಟ್ಟಿಂಗ್ಸಿಗೆ ಹೋಗಿ ಡಿಎನ್‌ಎಸ್ ಆಫ್ ಮಾಡಿ, ಪುಟ ಮತ್ತೆ ಲೋಡ್ ಮಾಡಿ, ಓದಿ, ನೆನಪಿಟ್ಟು ಮತ್ತೆ ಆನ್ ಮಾಡಬೇಕು. ಅಷ್ಟು ಹೊತ್ತು ಇಡೀ ಫೋನಿಗೇ ಬಾಗಿಲು ತೆಗೆದಂತೆ. ನೆಕ್ಸ್ಟ್‌ಡಿಎನ್‌ಎಸ್ ಎಂಬ ಇನ್ನೊಂದು ಸೇವೆಯಲ್ಲಿ ನಮ್ಮದೇ ಅನುಮತಿ ಪಟ್ಟಿ ಮಾಡಬಹುದು, ತಿಂಗಳಿಗೆ 3 ಲಕ್ಷ ಸಲ ವಿಳಾಸ ಕೇಳುವವರೆಗೆ ಪುಕ್ಕಟೆ. ಆದರೆ ಪಟ್ಟಿಗೆ ಸೇರಿಸಬೇಕಾದ್ದು ಧಾರಣೆ ಸೈಟನ್ನಲ್ಲ, ಜಾಹೀರಾತಿನ ಸರ್ವರನ್ನು. ಗೂಗಲ್‌ನದಕ್ಕೆ ಅನುಮತಿ ಕೊಟ್ಟಿರೋ, ಅದನ್ನೇ ನಂಬಿಕೊಂಡ ಬೇರೆಲ್ಲ ಸೈಟುಗಳಲ್ಲೂ ಜಾಹೀರಾತು ವಾಪಸ್ಸು. ಇಷ್ಟು ಕಸರತ್ತು ಮಾಡಿ ಸಿಕ್ಕಿದ್ದೇನು ಹಾಗಾದರೆ?

ಇನ್ನೊಂದು, ಹೋಸ್ಟ್‌ನೇಮ್ ತುಂಬಿದ ಮೇಲೆ ಫೋನ್ ಬೇರೆ ಡಿಎನ್‌ಎಸ್ ಕಡೆ ತಿರುಗಿಯೂ ನೋಡುವುದಿಲ್ಲ. ಪ್ರೈವೇಟ್ ಡಿಎನ್‌ಎಸ್ ಹಾದುಹೋಗುವ 853ನೇ ಪೋರ್ಟನ್ನು ಲಾಡ್ಜಿನ ವೈಫೈ ಮುಚ್ಚಿದ್ದರೆ, ಅಥವಾ ಸಿಗ್ನಲ್ ತೀರಾ ಸೊರಗಿ ಆ ಸರ್ವರ್ ಸಿಗದಿದ್ದರೆ, ‘ಕನೆಕ್ಟೆಡ್, ಇಂಟರ್‌ನೆಟ್ ಇಲ್ಲ’ ಅಂತ ಬರುತ್ತದೆ. ಯುಪಿಐ ಕೂಡ ನಿಲ್ಲುತ್ತದೆ. ಮನೆಯವರು ಬೈಯುವುದು ಸಿಮ್ ಕಂಪನಿಗೆ. ಅಂಥ ಕಡೆ ಪ್ರೈವೇಟ್ ಡಿಎನ್‌ಎಸ್ಸನ್ನು ‘ಆಟೊಮ್ಯಾಟಿಕ್’ಗೆ ತಿರುಗಿಸಿ ನೋಡಿ, ಆಮೇಲೆ ಬೈಯಿರಿ. ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವ ಪ್ರಾಯೋಜಿತ ಕೊಂಡಿಗಳೂ ತೆರೆಯುವುದಿಲ್ಲ, ಅವು ಹಾದುಹೋಗುವ ಜಾಹೀರಾತು ಸರ್ವರನ್ನು ಡಿಎನ್‌ಎಸ್ ತಡೆದಿರುತ್ತದೆ.

ಜಾಹೀರಾತು ತಡೆಯನ್ನು ಒಳಗೇ ಇಟ್ಟುಕೊಂಡ ಬ್ರೌಸರ್ ಬ್ರೇವ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ದೂರೂ ಕಡಿಮೆ. ಇನ್‌ಸ್ಟಾಲ್ ಮಾಡಿದ ಕೂಡಲೇ ಕೆಲಸ ಶುರು. ಸೈಟಿನ ವಿಳಾಸ ಕಾಣುವ ಜಾಗದ ಸಿಂಹದ ಗುರುತು ಒತ್ತಿ ಆ ಒಂದು ಸೈಟಿಗೆ ಮಾತ್ರ ಶೀಲ್ಡ್ಸ್, ಅಂದರೆ ಅದರ ತಡೆಯನ್ನು, ಇಳಿಸಬಹುದು. ವಾಲೆಟ್ಟು, ರಿವಾರ್ಡ್ಸು, ಹೊಸ ಟ್ಯಾಬಿನಲ್ಲಿ ಅದರದ್ದೇ ಪ್ರಾಯೋಜಿತ ಚಿತ್ರ, ಇವನ್ನೆಲ್ಲ ಒಂದೊಂದಾಗಿ ಆಫ್ ಮಾಡುತ್ತ ಕೂರಬೇಕು. ಜಾಹೀರಾತು ತಡೆಯಲು ಹಾಕಿಕೊಂಡ ಬ್ರೌಸರೇ ಜಾಹೀರಾತು ತೋರಿಸುವುದು ನನಗಂತೂ ಹಿಡಿಸುವುದಿಲ್ಲ.

ಆ್ಯಡ್‌ಗಾರ್ಡ್‌ನದೇ ಪೂರ್ತಿ ಆ್ಯಪ್ ಪ್ಲೇ ಸ್ಟೋರಿನಲ್ಲಿ ಸಿಗುವುದಿಲ್ಲ, ಹೊರಗಿನಿಂದ ಇಳಿಸಬೇಕು. ಸಾಮಾನ್ಯವಾಗಿ ಫೋನಿನ ನೆಟ್ಟನ್ನೆಲ್ಲ ತನ್ನ ಮೂಲಕ ಹಾಯಿಸುವ ವಿಪಿಎನ್‌ನ ಜಾಗ ಹಿಡಿದು ಕೂರುತ್ತದೆ. ಆಂಡ್ರಾಯ್ಡ್ ಒಂದು ಸಲಕ್ಕೆ ಒಂದೇ ವಿಪಿಎನ್ ಬಿಡುವುದರಿಂದ ಆಫೀಸಿನ ವಿಪಿಎನ್ ಇದ್ದವರಿಗೆ ಆಗಿಬರುವುದಿಲ್ಲ.

ಯುಬ್ಲಾಕ್ ಒರಿಜಿನ್ ಗೆಲ್ಲುವುದು ಆ ಪರದೆಯ ವಿಷಯದಲ್ಲಿಯೇ. ಅದು ಬ್ರೌಸರಿನ ಒಳಗಿರುವುದರಿಂದ ಯಾವ ಪುಟ ಏನು ಕೇಳಿತು ಎಂಬುದು ಗೊತ್ತು. ಜಾಹೀರಾತು ಸ್ಕ್ರಿಪ್ಟನ್ನು ಬರೀ ತಡೆಯದೆ, ಎಷ್ಟೋ ಕಡೆ ಅದೇ ಹೆಸರಿನ ನಿರುಪದ್ರವಿ ನಕಲೊಂದನ್ನು ಕೊಡುತ್ತದೆ. ಪುಟ ಸ್ಕ್ರಿಪ್ಟು ಬಂತೆಂದುಕೊಂಡು ಸುಮ್ಮನಾಗುತ್ತದೆ. ಖಾಲಿ ಚೌಕಟ್ಟನ್ನೂ ಮಡಚುವುದರಿಂದ ಕೋಷ್ಟಕ ಜಾರುವುದಿಲ್ಲ. ಆದರೂ ಪರದೆ ಬಂದರೆ ಅದರ ಸೆಟ್ಟಿಂಗ್ಸಿನಲ್ಲಿ ಫಿಲ್ಟರ್ ಪಟ್ಟಿಗಳನ್ನು ಅಪ್‌ಡೇಟ್ ಮಾಡಿ. ಹಳೇ ಪಟ್ಟಿಯೇ ಸಾಮಾನ್ಯವಾಗಿ ಕಾರಣ.

ವಿನಾಯಿತಿಗೆ ಫೈರ್‌ಫಾಕ್ಸಿನ ಮೆನು, ಎಕ್ಸ್‌ಟೆನ್ಶನ್ಸ್, ಯುಬ್ಲಾಕ್ ಒರಿಜಿನ್. ದೊಡ್ಡ ನೀಲಿ ಪವರ್ ಗುಂಡಿ ಒತ್ತಿ, ಪುಟ ರಿಲೋಡ್ ಮಾಡಿ. ಆ ಸೈಟು ವಿಶ್ವಾಸದ ಪಟ್ಟಿಗೆ ಕಾಯಮ್ಮಾಗಿ ಸೇರುತ್ತದೆ. ನನ್ನ ಪಟ್ಟಿಯಲ್ಲಿ ಧಾರಣೆ ಹಾಕುವ ಸೈಟು, ಊರ ಸುದ್ದಿಯ ಸಣ್ಣ ಪೋರ್ಟಲ್ಲು ಇವೆ. ಒಬ್ಬಿಬ್ಬರು ಕೂತು ನಡೆಸುವಂಥವು, ಚಂದಾ ಇಲ್ಲ, ಜಾಹೀರಾತು ನಿಂತರೆ ಅವೂ ನಿಲ್ಲುತ್ತವೆ. ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದ ಸುದ್ದಿ ಆಮೇಲೆ ಯಾರು ಹಾಕುತ್ತಾರೆ? ಪುಟ ತೆರೆದ ಕೂಡಲೇ ಮೂರು ಕಿಟಕಿ ಎಬ್ಬಿಸುವ ಸೈಟಿಗೆ ಮಾತ್ರ ಈ ಮರ್ಯಾದೆ ಇಲ್ಲ.

ನಿಧಾನ ನೆಟ್ಟಿನವರಿಗೆ ಯುಬ್ಲಾಕ್‌ನಲ್ಲಿ ಇನ್ನೊಂದು ಗುಂಡಿ ಇದೆ: ದೊಡ್ಡ ಮೀಡಿಯಾ ತಡೆ. ಮಿತಿ 50 ಕೆಬಿ ಅಂತ ಇರುತ್ತದೆ, ಬದಲಿಸಬಹುದು. ಅದಕ್ಕಿಂತ ದೊಡ್ಡ ಚಿತ್ರ ಇಳಿಯುವುದಿಲ್ಲ, ಖಾಲಿ ಚೌಕಟ್ಟು ಮಾತ್ರ ಕಾಣುತ್ತದೆ. ಬೇಕಾದ್ದನ್ನು ಮುಟ್ಟಿದರೆ ಅದೊಂದೇ ಬರುತ್ತದೆ. ಸುದ್ದಿ ಸೈಟಿಗೆ ಹೇಳಿ ಮಾಡಿಸಿದ್ದು. ಕಾರವಾರ, ತದಡಿಯ ಬೋಟಿನವರು ಹವಾಮಾನದ ಉಪಗ್ರಹ ಚಿತ್ರ ನೋಡುವ ಸೈಟಿಗೆ ಮಾತ್ರ ಇದನ್ನು ಹಾಕಿಕೊಳ್ಳಬೇಡಿ.

ಕಂಪ್ಯೂಟರಿನ ಕ್ರೋಮಿನಲ್ಲಿ 2025ರಿಂದ ಹಳೇ ಯುಬ್ಲಾಕ್ ಒರಿಜಿನ್ ನಡೆಯುವುದಿಲ್ಲ, ಅದರ ಕಿರಿಯ ರೂಪ ‘ಲೈಟ್’ ಮಾತ್ರ. ಸಾದಾ ಓದಿಗೆ ಸಾಕು. ಆಂಡ್ರಾಯ್ಡಿನ ಕ್ರೋಮಿಗೆ ಅದೂ ಇಲ್ಲ. ಇನ್ನು ನೋಟಿಫಿಕೇಶನ್ನಿನಲ್ಲಿ ಜಾಹೀರಾತು ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಬ್ಲಾಕರನ್ನಲ್ಲ. ಯಾವತ್ತೋ ‘ಅಲೋ’ ಒತ್ತಿದ ಸೈಟನ್ನು ಬ್ರೌಸರಿನ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸಿನಲ್ಲಿ ಹುಡುಕಿ ತೆಗೆಯಬೇಕು.

ಫೈರ್‌ಫಾಕ್ಸ್ ಸ್ವಲ್ಪ ಭಾರ, ಅದನ್ನು ಮುಚ್ಚಿಡುವುದಿಲ್ಲ. 2-3 ಜಿಬಿ ರ್‍ಯಾಮಿನ ಹಳೇ ಫೋನಿನಲ್ಲಿ ತೆರೆಯುವುದೇ ತಡ, ಟ್ಯಾಬ್ ಬದಲಿಸಿದರೆ ಪುಟ ಮತ್ತೆ ಲೋಡಾಗುತ್ತದೆ. ಅಂಥದಕ್ಕೆ ಬ್ರೇವೇ ಇರಲಿ. 4 ಜಿಬಿಯಿಂದ ಮೇಲಿದ್ದರೆ ಯುಬ್ಲಾಕ್ ಹಾಕಿ, ಸೆಟ್ಟಿಂಗ್ಸಿನಿಂದ ಬ್ಯಾಕಪ್ ಫೈಲ್ ಮಾಡಿಕೊಂಡು ಮನೆಯ ಉಳಿದ ಫೋನುಗಳಿಗೂ ಅದನ್ನೇ ತುಂಬಿಸಿ. ವಿಶ್ವಾಸದ ಪಟ್ಟಿಯೂ ಅದರ ಜೊತೆ ಹೋಗುತ್ತದೆ.