ಕೊಡೂಕಿಂತ ಮೊದ್ಲ ಕೇಳೋ ಮೆಡಿಕಲ್ (ವಿಜಯಪುರ, ಸ್ಟೇಷನ್ ರೋಡ್ ಕಡೆ)

ಹೆಣ್ಮಕ್ಕಳಿದ್ದ ಮನಿಯವ್ರು ಇಲ್ಲೇ ಹೋಗ್ರಿ ಅಂತೀನಿ. ಕೌಂಟರಿನ್ಯಾಗಿರೋ ಅಕ್ಕಾರು ಗುಳಿಗಿ ಕೈಗೆ ಕೊಡೂಕಿಂತ ಮೊದ್ಲ "ಈ ತಿಂಗಳ ಮುಟ್ಟಾಗೇದೇನವಾ?" ಅಂತ ಸಣ್ಣ ದನಿಲೆ ಕೇಳ್ತಾರ, ಬಾಜೂಕ ನಿಂತವ್ರಿಗೆ ಕೇಳಸಂಗಿಲ್ಲ.

ನಮ್ಮ ನಾದಿನಿಗೆ ಹೊಸದಾಗಿ ಲಗ್ನ ಆಗೇದ, ಮಾರಿ ಮ್ಯಾಲಿನ ಮೊಡವಿಗೆ ಬ್ಯಾರೆ ಅಂಗಡ್ಯಾಗ ಚೀಟಿ ಇಲ್ದನ ಐಸೊಟ್ರೆಟಿನಾಯಿನ್ ಕ್ಯಾಪ್ಸೂಲ್ ಕೊಟ್ಟಿದ್ರು, ಅದು ಮುಗದ ಮ್ಯಾಲೆ ಇಲ್ಲಿ ಬಂದು ಕೇಳಿದ್ರ ಅಕ್ಕಾರು ಖಡಾಖಂಡಿತ ಇಲ್ಲ ಅಂದ್ರು. ಇದನ್ನ ತಗೋವಾಗ ಬಸುರಾದ್ರ ಕೂಸಿನ ಕಿವಿ, ಹೃದಯ, ಮಿದುಳಿಗೇ ಊನ ಬರಬಹುದು, ಬಿಟ್ಟ ಮ್ಯಾಲೂ ಒಂದು ತಿಂಗಳು ತಡಿಬೇಕು, ಚರ್ಮದ ಡಾಕ್ಟರ್ ಟೆಸ್ಟ್ ಮಾಡಿಸಿದ ಮ್ಯಾಲೇ ಬರಿಯೋ ಔಷಧ ಇದು ಅಂತ ಬಿಡಿಸಿ ಹೇಳಿದ್ರು. ಗಿರಾಕಿ ಹೋದ್ರೂ ಚಿಂತಿಲ್ಲ ಅನ್ನೋ ಇಂಥ ಅಂಗಡಿ ಎಷ್ಟದಾವ ಹೇಳ್ರಿ?

ಮುಟ್ಟಿನ ಈ ಪ್ರಶ್ನೆ ಯಾಕ ಬೇಕಂದ್ರ ಕೂಸಿನ ಮಿದುಳು, ಬೆನ್ನಹುರಿ ಆಗೋ ನಾಳ ಗರ್ಭ ನಿಂತ 28 ದಿನದಾಗ ಮುಚ್ಕೋತದ, ಎಷ್ಟೋ ಮಂದಿಗೆ ಮುಟ್ಟು ತಪ್ಪೇದ ಅನ್ನೋದು ಗೊತ್ತಾಗೂದ್ರಾಗ ಆ ಕೆಲಸ ಅರ್ಧ ಮುಗದಿರ್ತದ, ಕೈಕಾಲು ಹೃದಯ ಎಲ್ಲಾ 8 ವಾರದೊಳಗ ರೂಪ ತಗೋತಾವ. ಥಾಲಿಡೊಮೈಡ್ ಅಂತ ಒಂದು ಗುಳಿಗಿ 1957ರಾಗ ಜರ್ಮನ್ಯಾಗ ಬಂದಿತ್ತು, ಅಲ್ಲೂ ಮೊದ್ಲಿಗೆ ಚೀಟಿ ಇಲ್ದನ ಸಿಗ್ತಿತ್ತು, ಬಸುರಿಯರು ಓಕರಿಕಿಗೆ ತಗೊಂಡ್ರು, 1961ರಾಗ ವಾಪಸ್ ತಗೊಂಡ್ರು ಖರೆ, ಆದ್ರ ಅದರಿಂದ 10,000ಕ್ಕೂ ಹೆಚ್ಚು ಕೂಸುಗಳು ಕೈಕಾಲು ಮೊಟಕಾಗಿ ಹುಟ್ಟಿದ್ವು. ಇದನ್ನ ಓದಿದಾಗಿಂದ ನನಗ ಆ ಅಕ್ಕಾರ ಮ್ಯಾಲೆ ಗೌರವ ಇನ್ನಷ್ಟು ಜಾಸ್ತಿ ಆತು.

ಹಂಗಂತ ಅವ್ರು ಬರೇ ಹೆದರಸಂಗಿಲ್ಲ. ನಮ್ಮ ಓಣ್ಯಾಗಿನ ಒಬ್ಬಾಕಿಗೆ ಫಿಟ್ಸ್ ಬರ್ತಾವ, ವಾಲ್‌ಪ್ರೊಯೇಟ್ ತಗೋತಾಳ. ಆ ಗುಳಿಗಿ ತಗೊಂಡ ತಾಯಂದಿರ ಕೂಸುಗಳೊಳಗ ನೂರಕ್ಕ ಸುಮಾರು ಹತ್ತಕ್ಕ ಹುಟ್ಟು ಊನ ಇರ್ತದ, ಆದ್ರ ತಾನಾಗೇ ಒಮ್ಮೆಲೆ ಬಿಟ್ರ ಫಿಟ್ಸ್ ಬಂದು ತಾಯಿ ಜೀವಕ್ಕೇ ಕುತ್ತು, ಅದಕ್ಕ "ಬಿಡಬ್ಯಾಡವಾ, ಬಸುರಾಗೂಕಿಂತ ಮೊದ್ಲ ಡಾಕ್ಟರ್ ಹತ್ರ ಹೋಗಿ ಬದಲಿ ಕೇಳು" ಅಂತ ಕಳಸಿದ್ರು. ಮಕ್ಕಳು ಬೇಕನ್ನೋರಿಗೆ ಒಂದು ತಿಂಗಳು ಮೊದ್ಲಿಂದನ ದಿನಾ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತಗೊಳ್ರಿ ಅಂತಾರ. ಐದು ತಿಂಗಳ ಬಸುರಿ ಸೊಂಟನೋವಿಗೆ ಡೈಕ್ಲೋಫೆನಾಕ್ ಕೇಳಿದ್ರ ಕೊಡಂಗಿಲ್ಲ, 20 ವಾರ ಆದಮ್ಯಾಲೆ ಅದು ಕೂಸಿನ ಕಿಡ್ನಿಗೆ ಪೆಟ್ಟು. ತಿಕೋಟಾ ಕಡಿಂದ ದ್ರಾಕ್ಷಿ ತೋಟದ ಕೆಲಸಕ್ಕ ಹೋಗೋ ಹೆಣ್ಮಕ್ಕಳೂ ಬರ್ತಾರ, ಬಸುರಿದ್ರ ಔಷಧ ಹೊಡಿಯೋವಾಗ ತೋಟದಾಗ ನಿಲ್ಲಬ್ಯಾಡ, ಮಿಶ್ರಿ (ಹಲ್ಲಿಗೆ ಹಚ್ಚೋ ಸುಟ್ಟ ತಂಬಾಕಿನ ಪುಡಿ) ತಿಕ್ಕೋದು ಬಿಡು ಅಂತ ಅವ್ರಿಗೂ ಬಿಡದಂಗ ಹೇಳ್ತಾರ.

ಒಂದ ಕೊರತಿ ಅಂದ್ರ ರಾತ್ರಿ ಎಂಟರ ಮ್ಯಾಲೆ ಅಕ್ಕಾರು ಇರಂಗಿಲ್ಲ, ಆಗ ಇರೋ ಹುಡುಗ್ರು ಏನೂ ಕೇಳದ ಕೊಡ್ತಾರ, ಅದಕ್ಕ ಒಂದು ಸ್ಟಾರ್ ಕಡಿಮಿ. ಮಾಲಕ್ರು ಇದನ್ನ ಓದಿದ್ರ ಅವ್ರಿಗೂ ಕೇಳೂದು ಕಲಿಸ್ರಿ, ಹುಡುಗ್ರಿಗೆ ನಾಚಿಕಿ ಅನಿಸಿದ್ರ "ಬಸುರಿದ್ರ ಮೊದ್ಲ ಹೇಳ್ರಿ" ಅಂತ ಒಂದು ಬೋರ್ಡಾದ್ರೂ ಕೌಂಟರಿಗೆ ಹಚ್ರಿ.